ತಟ್ಟೆಯ ಮೇಲಿನ ಹೆಬ್ಬೆರಳು

ದಹಬಿಯಾಳ ಕೆಮ್ಮಿಗೆ ಸಮುದ್ರವೇ ಕಾರಣವೆಂದು ಕಾರ್ಖಾನೆಯ ಡಾಕ್ಟರ್ ಚೀಟಿ ಬರೆದುಕೊಟ್ಟಿದ್ದ. ಮೂವತ್ತು ವರ್ಷ ತಣ್ಣೀರಲ್ಲಿ ನಿಂತವಳ ಎದೆ ಕೆಡದೆ ಇನ್ನೇನಾದೀತು ಎಂಬುದು ಅದರ ಸಾರಾಂಶ. ಅವಳಿಗೆ ಓದು ಬಾರದು. ಆದರೂ ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸದಾ ಎದೆಯ ಬಟ್ಟೆಯೊಳಗೆ ಇಟ್ಟುಕೊಂಡಿರುತ್ತಿದ್ದಳು. ಸಿಟ್ಟು ತಣ್ಣಗಾಯಿತು ಅನ್ನಿಸಿದಾಗ ತೆಗೆದು ನೋಡುವಳು. ಮತ್ತೆ ಕಾವೇರುತ್ತಿತ್ತು.

"ಸಮುದ್ರ ನಂಗೇನು ಮಾಡೈತೆ, ಹೇಳೇ?" ಎಂದು ಗೆಳತಿ ಹಲ್ಲೂಮಾಳನ್ನು ಕೇಳುವಳು. "ಗಂಡ ಸತ್ತಾಗ ಹೊಟ್ಟೆಗೆ ಹಾಕ್ತು. ಮೂರು ಹೆಣ್ಣುಮಕ್ಕಳ ಮದ್ವೆ ಮಾಡ್ತು. ಈಗ ನನ್ನ ಎದೆ ಕೆಡಿಸ್ತು ಅಂತ ಅದರ ತಲೆ ಮ್ಯಾಲೆ ಹೊರಿಸ್ತಾನಲ್ಲ, ಅವನ ಬಾಯಿಗೆ ಹುಳ ಬೀಳ!"

"ಸಮುದ್ರಕ್ಕೆ ವಕೀಲ ಇಲ್ವಲ್ಲ, ಅದಕ್ಕೇ," ಎನ್ನುವಳು ಹಲ್ಲೂಮಾ.

ಬಿರ್ ಸಿದ್ರಾ ಎಂಬ ಅವರ ಕೇರಿ ಟುನೀಷಿಯಾದ ದಕ್ಷಿಣದಲ್ಲಿ, ಮುಂದೆ ಕೊಲ್ಲಿ, ಹಿಂದೆ ಗೊಬ್ಬರದ ಕಾರ್ಖಾನೆ ಇಟ್ಟುಕೊಂಡು ಕೂತಿತ್ತು. ಕಾರ್ಖಾನೆ ಬಂದ ಮೇಲೆ ದಾಳಿಂಬೆ ಕಾಯಿ ಹಿಡಿಯಲಿಲ್ಲ. ಖರ್ಜೂರದ ಗರಿ ತುದಿಯಿಂದ ಸುಟ್ಟಂತೆ ಒಣಗಿತು. ಶಾಲೆಯ ಕಿಟಕಿಯ ಗಾಜು ಕುರುಡಾಯಿತು. ಎಷ್ಟು ಒರೆಸಿದರೂ ಮಬ್ಬು. ಹೊಗೆಯಲ್ಲಿರುವ ಫ್ಲೋರೈಡ್ ಅನಿಲ ಗಾಜನ್ನು ತಿನ್ನುತ್ತದೆ ಎಂದು ಮೇಷ್ಟ್ರು ಹೇಳಿದರು. ಗಾಜನ್ನೇ ತಿನ್ನುವುದು ಎದೆಯನ್ನು ಬಿಟ್ಟೀತೇ? ಕೇರಿಯ ಜನ ಕೋರ್ಟಿಗೆ ಹೋದರು. ದೂರಿನ ಕೆಳಗೆ ಮೊದಲ ಹೆಬ್ಬೆಟ್ಟು ದಹಬಿಯಾಳದ್ದು. ಏಳು ವರ್ಷ ಎಳೆದಾಡಿಸಿ ಕೋರ್ಟು ಕೊನೆಗೊಮ್ಮೆ ಬಾಯಿ ಬಿಟ್ಟಿತು. ಗಾಳಿ ಅಳೆಯಿರಿ, ಮೂರು ದಿನ, ಬೆಳಿಗ್ಗೆ ಹತ್ತರವರೆಗೆ. ವಿಷದ ಅನಿಲ ಸಿಕ್ಕರೆ ಕಾರ್ಖಾನೆಯ ಹಳೆಯ ಆಮ್ಲದ ಘಟಕಕ್ಕೆ ಬೀಗ. ಸಿಗದಿದ್ದರೆ ದೂರಿಗೆ ಬೀಗ.

ಅಳೆಯುವವರು ನವೆಂಬರಿನ ಒಂದು ಸೋಮವಾರ ಟ್ಯೂನಿಸ್ ನಗರದಿಂದ ಬಂದರು. ಪ್ರೊಫೆಸರ್ ಲಸ್ಸಾದ್, ಅವನ ಸಹಾಯಕಿ ರಿಹಾಬ್, ಒಂದು ದೊಡ್ಡ ಪೆಟ್ಟಿಗೆ, ಒಂದು ಕನ್ನಡಿ. ಪೆಟ್ಟಿಗೆಯನ್ನು ಶಾಲೆಯ ತಾರಸಿಯ ಮೇಲಿಟ್ಟರು. ಕನ್ನಡಿ ಇನ್ನೂರು ಮೀಟರು ದೂರ, ಸಮುದ್ರ ಇಳಿದಾಗ ತೆರೆದುಕೊಳ್ಳುವ ಕೆಸರು ಬಯಲಿನಲ್ಲಿ ನಿಲ್ಲಬೇಕು. ಕಾರ್ಖಾನೆಯಿಂದ ಅವರ ಜೊತೆಗೆ ಬಂದವನು ಸಿ ತುಹಾಮಿ. ಪರಿಸರ ಅಧಿಕಾರಿ ಎಂದು ಅವನ ಎದೆಯ ಮೇಲೆ ಬಿಲ್ಲೆ ಇತ್ತು. ದೊಡ್ಡವರನ್ನು ಅಲ್ಲಿ 'ಸಿ' ಎಂದು ಕರೆಯುವುದು ವಾಡಿಕೆ. ದಹಬಿಯಾ ಅವನನ್ನು ಹಾಗೆ ಕರೆಯುವಾಗ ಮೂಗಿನಿಂದ ಕರೆಯುತ್ತಿದ್ದಳು.

ಕಾರ್ಖಾನೆಯ ಇಬ್ಬರು ಕಾವಲುಗಾರರು ಕನ್ನಡಿ ಹೊತ್ತು ಕೆಸರಿಗಿಳಿದರು. ಮೂವತ್ತು ಹೆಜ್ಜೆಗೆ ಒಬ್ಬನ ಬೂಟು ಹೋಯಿತು. ನಲವತ್ತನೇ ಹೆಜ್ಜೆಗೆ ಇನ್ನೊಬ್ಬ ಸೊಂಟದವರೆಗೆ ಹೋದ. ದಂಡೆಯಲ್ಲಿದ್ದ ಹೆಂಗಸರು ನಕ್ಕು ನಕ್ಕು ಬುಟ್ಟಿಯ ಮೇಲೆ ಬಿದ್ದರು.

ಆ ಕೆಸರನ್ನು ಬಲ್ಲವರು ಕಪ್ಪೆಚಿಪ್ಪು ಆಯುವ ಹೆಂಗಸರು ಮಾತ್ರ. ಎಲ್ಲಿ ಕಾಲು ನಿಲ್ಲುತ್ತದೆ, ಎಲ್ಲಿ ನುಂಗುತ್ತದೆ ಎಂದು ಅವರ ಅಂಗಾಲಿಗೆ ಗೊತ್ತು. ಕೆಸರಿನ ಮೇಲೆ ಎರಡು ಸಣ್ಣ ತೂತು ಕಂಡರೆ ಕೆಳಗೆ ಚಿಪ್ಪು ಇದೆ ಎಂದರ್ಥ. ಕುಡುಗೋಲಿನ ತುದಿಯಿಂದ ಮೀಟಿ ಎಬ್ಬಬೇಕು. ಒಂದು ಬುಟ್ಟಿಗೆ ಎರಡು ಸಾವಿರ ಸಲ ಬಗ್ಗಬೇಕು. ಬರಿಗಾಲು. ಚಿಪ್ಪಿನ ಅಂಚು ಕೊಯ್ದ ಗಾಯಕ್ಕೆ ಉಪ್ಪುನೀರೇ ಔಷಧಿ. ಅವರು ಎಬ್ಬಿದ ಚಿಪ್ಪು ಸಮುದ್ರದಾಚೆಯ ದೊಡ್ಡ ಹೋಟೆಲುಗಳಿಗೆ ಹೋಗುತ್ತಿತ್ತು. ಅವರನ್ನು ಮಾತ್ರ ಊರ ಬಸ್ಸಿನಲ್ಲಿ ಯಾರೂ ಪಕ್ಕದಲ್ಲಿ ಕೂರಿಸುತ್ತಿರಲಿಲ್ಲ. ಕೆಸರಿನವರು ಎಂದೇ ಅವರ ಹೆಸರು.

"ಬುರಾವಿಯ ಬೆರಳು ಹಿಡಿದವಳು ನೀನೇ ಅಲ್ವಾ?" ಎಂದ ತುಹಾಮಿ, ದಹಬಿಯಾಳನ್ನು ಮೇಲಿಂದ ಕೆಳಗೆ ನೋಡುತ್ತ.

"ನಾನೇ. ಯಾಕೆ, ನಿಮ್ದೂ ಹಿಡೀಬೇಕಿತ್ತಾ?"

ಹೆಂಗಸರು ಮತ್ತೆ ನಕ್ಕರು. ಬುರಾವಿ ಚಿಪ್ಪು ಕೊಳ್ಳುವ ದಲ್ಲಾಳಿ. ಅವನ ತಕ್ಕಡಿ ಗುಂಡಿ ಒತ್ತಿದರೆ ಸೊನ್ನೆ ತೋರಿಸುವ ಹೊಸ ನಮೂನೆಯದು. ಸೊನ್ನೆ ಒತ್ತುವಾಗ ಅವನು ಒದ್ದೆ ಗೋಣಿಯ ಮರೆಯಲ್ಲಿ ಹೆಬ್ಬೆರಳಿನಿಂದ ತಟ್ಟೆಯನ್ನು ಅದುಮುತ್ತಿದ್ದ. ಬೆರಳಿನ ಭಾರವೂ ಸೊನ್ನೆಯೊಳಗೆ ಸೇರುತ್ತಿತ್ತು. ಆಮೇಲೆ ಬೆರಳು ತೆಗೆದು ಬುಟ್ಟಿ ಇಟ್ಟರೆ ಪ್ರತಿ ಬುಟ್ಟಿಯೂ ಅಷ್ಟು ಕಮ್ಮಿ ತೂಗುತ್ತಿತ್ತು. ಎರಡು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಒಂದು ದಿನ ದಹಬಿಯಾ ಬರೀ ತಟ್ಟೆಯ ಕಡೆ ನೋಡಿದಳು. ತಟ್ಟೆ ಖಾಲಿ. ಅಂಕಿಯ ಮುಂದೆ ಒಂದು ಅಡ್ಡಗೆರೆ. "ಖಾಲಿ ತಟ್ಟೆ ಖಾಲಿಗಿಂತ ಹಗುರ ಹೆಂಗಾಯ್ತೋ, ಕಳ್ಳ ನನ್ಮಗನೇ?" ಎಂದು ಅವನ ಬೆರಳು ಹಿಡಿದು ತಿರುಚಿದ್ದಳು. ಬುರಾವಿ ಒಂದು ತಿಂಗಳು ಎಡಗೈಯಲ್ಲಿ ಉಂಡ.

ಅವಳೇ ಬೇಕಾಯಿತು. ಕೆಸರಿನಲ್ಲಿ ಕನ್ನಡಿ ನಿಲ್ಲಿಸುವವರು ಬೇರೆ ಯಾರೂ ಇರಲಿಲ್ಲ. ಅಳೆಯುವಾಗ ದೂರುದಾರರಲ್ಲಿ ಒಬ್ಬರು ಹಾಜರಿರಬೇಕು, ವರದಿಗೆ ಅವರ ಸಹಿ ಬೀಳಬೇಕು ಎಂದು ಕೋರ್ಟೂ ಹೇಳಿತ್ತು. ಸಾಕ್ಷಿಯೂ ಆಯಿತು, ಕೂಲಿಯೂ ಆಯಿತು ಎಂದು ತುಹಾಮಿ ಒಳಗೊಳಗೇ ಹಿಗ್ಗಿದ.

ಮಂಗಳವಾರ ಬೆಳಿಗ್ಗೆ ಸಮುದ್ರ ಇಳಿದಿತ್ತು. ದಹಬಿಯಾ ಕನ್ನಡಿಯನ್ನು ತಲೆಯ ಮೇಲೆ ಹೊತ್ತಳು. ಮೊದಲೇ ಗುರುತಿಗೆ ಒಂದು ಗೂಟ ಹೊಡೆದು, ಅದರ ಪಕ್ಕದಲ್ಲಿ ಮುಕ್ಕಾಲಿ ನೆಟ್ಟು ಬಂದಿದ್ದಳು. ಕನ್ನಡಿ ಬಲಿತ ಕುರಿಮರಿಯಷ್ಟು ಭಾರ. ಜೇನುಹುಟ್ಟಿನ ಕಣ್ಣುಗಳ ಹಾಗೆ ಹತ್ತಾರು ಪುಟ್ಟ ಕನ್ನಡಿಗಳನ್ನು ಜೋಡಿಸಿದ್ದ ಹಲಗೆ ಅದು. ಕುತ್ತಿಗೆಯಲ್ಲಿ ತೂಗುಹಾಕಿದ್ದ ವಾಕಿಟಾಕಿಯಲ್ಲಿ ರಿಹಾಬಳ ದನಿ ಬಂತು.

"ಚಿಕ್ಕಮ್ಮಾ, ಗೂಟದ ಹತ್ರ ನಿಲ್ಲಿಸಿದ್ರಾ?"

"ನಿಲ್ಲಿಸಿವ್ನಿ ಮಗಳೇ. ಒಂಚೂರು ವಾಲೈತೆ."

"ವಾಲಿದ್ರೂ ಪರವಾಗಿಲ್ಲ. ಈ ಕನ್ನಡಿ ಹೇಗೇ ವಾಲಲಿ, ಬೆಳಕು ಬಂದ ದಾರಿಗೇ ವಾಪಸ್ ಕಳಿಸುತ್ತೆ."

"ಹಂಗಾರೆ ನನ್ನ ಜಾತೀದೇ," ಎಂದಳು ದಹಬಿಯಾ. "ಅಲ್ವೇ, ಎಲ್ಲೈತೆ ನಿನ್ನ ಬೆಳಕು? ಏನೂ ಕಾಣಾಕಿಲ್ಲ."

ರಿಹಾಬ್ ನಕ್ಕಳು. ಅವಳಿಗೆ ಇಪ್ಪತ್ತೈದಿರಬಹುದು. ಹೇಳಿಕೊಡುವುದೆಂದರೆ ಇಷ್ಟ. ಇದು ಕೆಂಪಿಗೂ ಆಚೆಗಿನ ಬೆಳಕು, ಅವಗೆಂಪು ಅಂತಾರೆ, ಕಣ್ಣಿಗೆ ಕಾಣೋದಿಲ್ಲ ಎಂದಳು. ಪೆಟ್ಟಿಗೆಯಿಂದ ಹೊರಟು, ಗಾಳಿ ಹಾದು, ಕನ್ನಡಿ ಮುಟ್ಟಿ, ಮತ್ತೆ ಅದೇ ಗಾಳಿ ಹಾದು ವಾಪಸು ಬರುತ್ತೆ. ದಾರಿಯಲ್ಲಿ ಯಾವ ಅನಿಲ ಸಿಕ್ಕಿದರೂ ಅದು ಬೆಳಕಿನಲ್ಲಿ ತನಗೆ ಬೇಕಾದ ಜಾಗವನ್ನಷ್ಟೇ ಕಚ್ಚಿ ತಿನ್ನುತ್ತೆ. ಒಂದೊಂದಕ್ಕೂ ಒಂದೊಂದು ಹಲ್ಲಿನ ಗುರುತು. ಗುರುತು ನೋಡಿ ಯಾರು ಕಚ್ಚಿದ್ದು, ಎಷ್ಟು ಕಚ್ಚಿದ್ದು, ಹೇಳಬಹುದು.

"ಇಲಿ ಕಚ್ಚಿದ ರೊಟ್ಟಿ ಬ್ಯಾರೆ, ಬೆಕ್ಕು ಕಚ್ಚಿದ ರೊಟ್ಟಿ ಬ್ಯಾರೆ."

"ಅಷ್ಟೇ ಚಿಕ್ಕಮ್ಮಾ! ನೂರು ಕೋಟಿಯಲ್ಲಿ ಹತ್ತು ಪಾಲು ಇದ್ರೂ ಸಿಗುತ್ತೆ."

"ಕೂಸ್‌ಕೂಸ್ ರವೆ ಮೂಟೇಲಿ ಒಂದು ಕಾಳು ಮರಳು," ಎಂದಳು ದಹಬಿಯಾ. "ಹಲ್ಲಿಗೆ ಗೊತ್ತಾಗ್ತದೆ."

ಆಗ ಗಂಟೆ ಏಳು. ರಿಹಾಬ್ ಹೇಳಿದಳು: "ಮೊದ್ಲು ಶುದ್ಧ ಗಾಳಿಯಲ್ಲಿ ಬೆಳಕು ಬರೆಯೋ ಗೆರೆ ತಗೋತೀವಿ. ಅದು ನಮ್ಮ ಸೊನ್ನೆ. ಆಮೇಲೆ ಬಂದದ್ದರಲ್ಲೆಲ್ಲ ಅದನ್ನ ಕಳೀತೀವಿ. ಉಳಿದದ್ದೇ ಅನಿಲ."

ಶುದ್ಧ ಗಾಳಿ! ದಹಬಿಯಾಳ ಗಂಟಲು ಆಗಲೇ ಕೆರೆಯುತ್ತಿತ್ತು. ಕಣ್ಣಲ್ಲಿ ನೀರು. ಬೆಳಗಿನ ಜಾವ ಕಾರ್ಖಾನೆಯವರು ಆಮ್ಲದ ಘಟಕದ ಬಾಯಿ ಬಿಚ್ಚುತ್ತಾರೆ. ಆ ಹೊತ್ತಿಗೆ ಗಾಳಿ ನೆಲದಿಂದ ಸಮುದ್ರದ ಕಡೆಗೆ ಬೀಸುತ್ತಿರುತ್ತದೆ. ಕಾರ್ಖಾನೆ ಬಿಟ್ಟಿದ್ದೆಲ್ಲ ಶಾಲೆಯ ಮೇಲೆ ಹಾದು ನೇರ ಕೆಸರು ಬಯಲಿಗೆ. ಏಳು ಗಂಟೆಗೆ ಅದು ಜೋರು, ಹೊತ್ತೇರಿದಂತೆ ಕಮ್ಮಿ. ಹನ್ನೊಂದರ ಸುಮಾರಿಗೆ ಗಾಳಿ ತಿರುಗಿ ಸಮುದ್ರದಿಂದ ಬರುತ್ತದೆ. ಆಗ ಹೆಂಗಸರು ಬೆನ್ನು ನೆಟ್ಟಗೆ ಮಾಡಿ ಒಮ್ಮೆ ಉಸಿರೆಳೆಯುತ್ತಾರೆ. ಇದನ್ನು ಬಿರ್ ಸಿದ್ರಾದಲ್ಲಿ ಹಾಲು ಕುಡಿಯುವ ಕೂಸೂ ಬಲ್ಲದು.

"ಈಗ ಬ್ಯಾಡ ಮಗಳೇ," ಎಂದು ದಹಬಿಯಾ ಕೂಗಿದಳು. "ಇದು ಕಾರ್ಖಾನೆ ಗಾಳಿ! ನನ್ನ ತಲೆವಸ್ತ್ರ ಯಾವ ಕಡೆ ಹಾರ್ತಾ ಐತೆ ನೋಡು. ಹನ್ನೊಂದು ಆಗ್ಲಿ, ಸಮುದ್ರದ ಗಾಳಿ ಬರ್ತದೆ. ಅದನ್ನ ಹಿಡಿ."

ವಾಕಿಟಾಕಿ ಕೈ ಬದಲಾಯಿಸಿತು. ತುಹಾಮಿಯ ದನಿ. "ಗಾಳಿ ಅಳೆಯೋಕೆ ನಿನ್ನ ಕರೆದಿಲ್ಲ. ಕನ್ನಡಿ ಹಿಡಿಯೋಕೆ ಕರೆದಿದ್ದು. ಗಾಳಿಯ ದಿಕ್ಕು ತೋರಿಸೋ ನಮ್ಮ ಯಂತ್ರದ ವರದಿ ಇಲ್ಲಿದೆ. ಏಳು ಗಂಟೆ, ಸಮುದ್ರದ ಗಾಳಿ. ಕಾಗದದಲ್ಲಿದೆ."

"ಕಾಗದ ಬ್ಯಾರೆ ಕಡೆ ಹಾರ್ತಾ ಇರ್ಬೇಕು."

"ಬಾಯಿ ಮುಚ್ಕೊಂಡು ನಿಲ್ಲೇ, ಕೆಸರಿನವಳೇ!"

ಆಮೇಲೆ ಪ್ರೊಫೆಸರ್ ಲಸ್ಸಾದ್, ಸಮಾಧಾನದ ದನಿಯಲ್ಲಿ: "ಸಮುದ್ರದ ದಡದಲ್ಲಿ ಬೀಸೋದು ಸಮುದ್ರದ ಗಾಳಿ ಅಲ್ದೆ ಇನ್ನೇನಮ್ಮಾ? ನೀವು ಸುಮ್ನೆ ನಿಂತಿರಿ."

ಓದಿದವನ ಮಾತು. ದಹಬಿಯಾ ಸುಮ್ಮನೆ ನಿಂತಳು. ಸುಮ್ಮನೆ ಎಂದರೆ ಮಾತಿಲ್ಲದೆ. ಕೆಮ್ಮು ಎಲ್ಲಿ ಸುಮ್ಮನಿರುತ್ತದೆ? ಅವಳು ಮುಕ್ಕಾಲಿಗೆ ಆತು ನಿಂತು ಕೆಮ್ಮಿದಳು, ಉಗುಳಿದಳು, ಮತ್ತೆ ಕೆಮ್ಮಿದಳು. ಅವಳ ಕೆಮ್ಮಿನ ಮೇಲಿನಿಂದಲೇ ಆ ಕಾಣದ ಬೆಳಕು ಹೋಗಿ ಬಂತು. ತಾರಸಿಯ ಮೇಲೆ ಅದನ್ನು ಶುದ್ಧ ಗಾಳಿ ಎಂದು ಬರೆದುಕೊಂಡರು.

ಎಂಟೂವರೆಗೆ ನೀರು ಏರತೊಡಗಿತು. ಕನ್ನಡಿ ಹೊತ್ತು ದಂಡೆಗೆ ಬಂದಳು. ತಾರಸಿಯ ಮೇಲೆ ಸುಟ್ಟ ಮೀನಿನ ವಾಸನೆ. ಮೆಟ್ಟಿಲ ಮೇಲೆ ಎರಡು ಹೆಜ್ಜೆ ಇಟ್ಟಿದ್ದಳಷ್ಟೇ, ತುಹಾಮಿ ಮೇಲಿನಿಂದಲೇ ಕೈ ಅಡ್ಡ ಹಿಡಿದ.

"ಅಲ್ಲೇ ನಿಲ್ಲು, ಅಲ್ಲೇ ನಿಲ್ಲು! ಆ ಕಾಲಲ್ಲಿ ಮೇಲೆ ಬರ್ತೀಯಾ? ಯಂತ್ರ ಇದೆ ಇಲ್ಲಿ. ತಿಂಡಿ ಕೆಳಗೇ ಕಳಿಸ್ತೀನಿ."

ಕೆಳಗೆ ಬಂದದ್ದು ಹರಿಸ್ಸಾ ಖಾರ ಸವರಿದ ಅರ್ಧ ರೊಟ್ಟಿ. ತುಹಾಮಿ ಕರವಸ್ತ್ರಕ್ಕೆ ಅತ್ತರು ಹಾಕಿ ಮೂಗಿಗೆ ಹಿಡಿದುಕೊಂಡಿದ್ದ. ದಹಬಿಯಾ ಕೈತೋಟದ ಗೋಡೆಗೆ ಒರಗಿ ರೊಟ್ಟಿ ತಿಂದಳು. ಅವಮಾನ ಅವಳಿಗೆ ಹೊಸದಲ್ಲ. ಆದರೆ ಅದು ರೊಟ್ಟಿಯ ಜೊತೆ ಇಳಿಯಲಿಲ್ಲ.

ಬುಧವಾರ ಸಂಜೆಗೆ ಸುದ್ದಿ ಕೇರಿಯಲ್ಲೆಲ್ಲ ಹಬ್ಬಿತ್ತು. ಅನಿಲ ಸೊನ್ನೆ. ಎರಡೂ ದಿನ ಸೊನ್ನೆ.

"ನಿನ್ನ ಕೆಮ್ಮು ಸುಳ್ಳಂತೆ ಕಣೇ," ಎಂದಳು ಹಲ್ಲೂಮಾ, ಚಿಪ್ಪು ತೊಳೆಯುತ್ತ. "ಪೆಟ್ಟಿಗೆ ಹೇಳ್ತು. ಇನ್ಮ್ಯಾಲೆ ಕೆಮ್ಮಬ್ಯಾಡ, ಪೆಟ್ಟಿಗೆಗೆ ಬೇಜಾರಾಗ್ತದೆ."

ದಹಬಿಯಾ ನಗಲಿಲ್ಲ. ಅವಳು ನಗದೇ ಇದ್ದದ್ದನ್ನು ಹಲ್ಲೂಮಾ ಹತ್ತು ವರ್ಷದಲ್ಲಿ ನೋಡಿರಲಿಲ್ಲ. ತೊಳೆಯುವುದನ್ನು ನಿಲ್ಲಿಸಿದಳು.

"ಅತ್ತುಬಿಡೇ ಬೇಕಾದ್ರೆ."

"ಅಳೋದು ಯಾಕೆ? ನಾಳೆ ಹೆಬ್ಬೆಟ್ಟು ಒತ್ತು ಅಂತಾರೆ. ನನ್ನ ಎದುರಿಗೇ ಅಳೆದ್ರು, ಏನೂ ಸಿಗ್ಲಿಲ್ಲ ಅಂತ ನಾನೇ ಒತ್ತಬೇಕು. ಸಮುದ್ರವೇ ಕಳ್ಳ ಅಂತ ನನ್ನ ಬೆರಳಲ್ಲೇ ಬರೆಸ್ತಾರೆ."

ಗುರುವಾರ, ಕೊನೆಯ ದಿನ, ಅವಳು ಮತ್ತೆ ಗೂಟದ ಹತ್ತಿರ ನಿಂತಿದ್ದಳು. ಹಿಂದೆ ಮುಂದೆ ಹಲ್ಲೂಮಾ ಮತ್ತು ಇತರ ಹೆಂಗಸರು ಬಗ್ಗಿ ಚಿಪ್ಪು ಎಬ್ಬುತ್ತಿದ್ದರು. ತಾರಸಿಯ ಮೇಲೆ ಯಾರೋ ವಾಕಿಟಾಕಿಯ ಗುಂಡಿಯ ಮೇಲೆ ಪುಸ್ತಕ ಇಟ್ಟು ಮರೆತಿದ್ದರು. ಅವರ ಮಾತೆಲ್ಲ ದಹಬಿಯಾಳ ಎದೆಯ ಮೇಲೆ ಕೇಳುತ್ತಿತ್ತು.

"ಸರ್, ಇದು ಸರಿ ಇಲ್ಲ," ಎನ್ನುತ್ತಿದ್ದಳು ರಿಹಾಬ್. "ಬರೀ ಸೊನ್ನೆ ಅಲ್ಲ. ಸೊನ್ನೆಗಿಂತ ಕಮ್ಮಿ ಬರ್ತಿದೆ. ಅಂಕಿ ಮುಂದೆ ಅಡ್ಡಗೆರೆ. ಹಲ್ಲಿನ ಗುರುತು ತಲೆಕೆಳಗಾಗಿ ಕೂತಿದೆ ನೋಡಿ."

"ಯಂತ್ರದ ಗದ್ದಲ ಅದು. ಬಿಡು."

"ಸೊನ್ನೆಗಿಂತ ಕಮ್ಮಿ ಅಂದ್ರೆ ಇನ್ನೂ ಒಳ್ಳೇದಲ್ವಾ?" ತುಹಾಮಿಯ ನಗು. "ನಮ್ಮ ಗಾಳಿ ಶುದ್ಧಕ್ಕಿಂತ ಶುದ್ಧ!"

ದಹಬಿಯಾ ಕೆಮ್ಮುವುದನ್ನೂ ಮರೆತಳು. ಖಾಲಿಗಿಂತ ಹಗುರ. ಅಂಕಿಯ ಮುಂದೆ ಅಡ್ಡಗೆರೆ. ಇದನ್ನು ಅವಳು ನೋಡಿದ್ದಾಳೆ. ಒದ್ದೆ ಗೋಣಿಯ ಮರೆಯಲ್ಲಿ ನೋಡಿದ್ದಾಳೆ.

"ಹಲ್ಲೂಮಾ!" ಎಂದು ಚೀರಿದಳು. "ಬುರಾವಿ ಕಣೇ! ಇವರೂ ಬುರಾವೀನೇ!"

"ಎಲ್ಲಿ? ಎಲ್ಲೇ ಬುರಾವಿ?" ಹಲ್ಲೂಮಾ ಕುಡುಗೋಲು ಹಿಡಿದೇ ಎದ್ದು ನಿಂತಳು.

ಅಷ್ಟರಲ್ಲಿ ತುಹಾಮಿ ವಾಕಿಟಾಕಿ ಎತ್ತಿಕೊಂಡಿದ್ದ. "ಹತ್ತು ಗಂಟೆ. ಮುಗೀತು. ನೀರು ಏರ್ತಿದೆ, ಕನ್ನಡಿ ತಗೊಂಡು ಬಾ. ಕಾಗದ ತಯಾರಿದೆ, ಹೆಬ್ಬೆಟ್ಟು ಒತ್ತಿ ಮನೆಗೆ ಹೋಗು."

"ಬರಾಕಿಲ್ಲ," ಎಂದಳು ದಹಬಿಯಾ.

"ಏನಂದೆ?"

"ಕಿವಿಗೂ ಅತ್ತರು ಹಾಕ್ಕೊಂಡಿದ್ದೀರಾ? ಬರಾಕಿಲ್ಲ ಅಂದೆ. ನಾನೂ ಬರಾಕಿಲ್ಲ, ಕನ್ನಡೀನೂ ಬರಾಕಿಲ್ಲ, ಹೆಬ್ಬೆಟ್ಟೂ ಬರಾಕಿಲ್ಲ. ಪ್ರೊಫೆಸರ್ರಿಗೆ ಕೊಡ್ರಿ ಅದನ್ನ."

ಗೊರಗೊರ ಸದ್ದಾಯಿತು. ಆಮೇಲೆ ಲಸ್ಸಾದ್: "ಏನಮ್ಮಾ ಸಮಸ್ಯೆ?"

ದಹಬಿಯಾ ಉಸಿರು ಎಳೆದುಕೊಂಡಳು. ಓದಿದವರ ಜೊತೆ ಅವಳು ಇಷ್ಟು ಉದ್ದ ಮಾತಾಡಿದವಳಲ್ಲ. ಆದರೆ ತಕ್ಕಡಿಯ ವಿಷಯ ಬೇರೆ. ಅದು ಅವಳ ವಿದ್ಯೆ.

"ಸೊನ್ನೆ ಒತ್ತುವಾಗ ತಟ್ಟೆ ಮ್ಯಾಲೆ ಬೆರಳಿತ್ತು ಪ್ರೊಫೆಸರ್ರೇ. ಮಂಗಳವಾರ ಏಳು ಗಂಟೆಗೆ ಕಾರ್ಖಾನೆ ತನ್ನ ಹೆಬ್ಬೆರಳು ಇಟ್ಟಿತ್ತು. ವಿಷದ ಗಾಳೀನೇ ಸೊನ್ನೆ ಅಂದ್ರಿ. ಆಮ್ಯಾಲೆ ಏನು ಬಂದ್ರೂ ಅದರಲ್ಲಿ ವಿಷಾನ ಕಳೆದ್ರಿ. ಏಳು ಗಂಟೆಗಿಂತ ಒಂಬತ್ತು ಗಂಟೆಗೆ ವಿಷ ಕಮ್ಮಿ, ಅದಕ್ಕೇ ನಿಮ್ಮ ಅಂಕಿ ಸೊನ್ನೆಗಿಂತ ಕೆಳಗೆ ಹೋಯ್ತು. ನಾವು ಉಸಿರಾಡೋ ವಿಷ ನಿಮ್ಗೆ ಸೊನ್ನೆ ಆಯ್ತಾ? ನಮ್ಮ ಎದೆ ನಿಮ್ಗೆ ಸೊನ್ನೆ ಆಯ್ತಾ?"

ಆಮೇಲೆ ಬಹಳ ಮೆಲ್ಲಗೆ ರಿಹಾಬಳ ದನಿ: "ಸರ್... ತಲೆಕೆಳಗಾದ ಗುರುತು. ಅದಕ್ಕೆ ಇದೇ ಕಾರಣ. ನಾವು ತಗೊಂಡ ಶುದ್ಧ ಗಾಳಿ ಶುದ್ಧ ಆಗಿರಲಿಲ್ಲ."

"ಕೋರ್ಟು ಹೇಳಿದ್ದು ಹತ್ತರವರೆಗೆ!" ತುಹಾಮಿ ಅರಚಿದ. "ಸಮಯ ಮುಗೀತು! ಆ ಕನ್ನಡಿ ಜರ್ಮನಿಯಿಂದ ತರಿಸಿದ್ದು, ನೀರಿಗೆ ಬಿದ್ರೆ ನಿನ್ನ ಮೊಮ್ಮಕ್ಕಳನ್ನ ಮಾರಿದ್ರೂ ತೀರೋದಿಲ್ಲ!"

"ಹಂಗಾರೆ ನೀವೇ ಬಂದು ತಗೊಂಡ್ಹೋಗ್ರಿ, ಸಿ ತುಹಾಮಿ. ದಾರಿ ಸಲೀಸೈತೆ."

ಅವನಿಗೆ ನಿಜಕ್ಕೂ ರೇಗಿತ್ತು. ಮೆಟ್ಟಿಲಿಳಿದು, ಪ್ಯಾಂಟು ಮಡಚಿ, ಕೆಸರಿಗೆ ಕಾಲಿಟ್ಟೇಬಿಟ್ಟ. ಹೆಂಗಸರು ಕುಡುಗೋಲು ಕೆಳಗಿಟ್ಟು ನೋಡಲು ನಿಂತರು. "ಎಡಕ್ಕೆ ಬನ್ನಿ, ಎಡಕ್ಕೆ!" ಎಂದು ಹಲ್ಲೂಮಾ ಬಹಳ ಮರ್ಯಾದೆಯಿಂದ ದಾರಿ ತೋರಿಸಿದಳು. ಎಡಕ್ಕೆ ಬಂದ. ಮೊಣಕಾಲವರೆಗೆ ಹೋಯಿತು. ಒಂದು ಕಾಲು ಕಿತ್ತ, ಇನ್ನೊಂದು ತೊಡೆಯವರೆಗೆ ಹೋಯಿತು. ಕರವಸ್ತ್ರ ಗಾಳಿಗೆ ಹಾರಿತು. ಅದೂ ಸಮುದ್ರದ ಕಡೆಗೇ ಹಾರಿತು.

"ನೋಡ್ರೀ ಪ್ರೊಫೆಸರ್ರೇ," ಎಂದಳು ದಹಬಿಯಾ, "ಸಿ ತುಹಾಮಿಯವರ ಕಾಗದದಲ್ಲಿ ಇದು ಸಮುದ್ರದಿಂದ ಬೀಸೋ ಗಾಳಿ!"

ಇಬ್ಬರು ಹೆಂಗಸರು ಹೋಗಿ ಅವನನ್ನು ಕಂಕುಳಿಗೆ ಕೈಹಾಕಿ ಎಳೆದು ದಂಡೆಗೆ ಹಾಕಿದರು. ಚಿಪ್ಪು ಎಬ್ಬುವವರಿಗೆ ಅದೇನು ದೊಡ್ಡ ಕೆಲಸವಲ್ಲ.

ನಗು ಮುಗಿದ ಮೇಲೆ ನೀರು ಉಳಿಯಿತು. ಅದಕ್ಕೆ ನಗು ಗೊತ್ತಿಲ್ಲ. ಹತ್ತೂವರೆಗೆ ದಹಬಿಯಾಳ ಮೊಣಕಾಲು ಮುಟ್ಟಿತು. ಸಮುದ್ರದ ಗಾಳಿ ಬರುವುದು ಹನ್ನೊಂದಕ್ಕೆ. ಎರಡು ದಿನವೂ ಆ ಹೊತ್ತಿಗೆ ಕನ್ನಡಿ ದಂಡೆಯಲ್ಲಿರುತ್ತಿತ್ತು. ಆದ್ದರಿಂದಲೇ ಒಂದು ಸಲವೂ ಶುದ್ಧ ಗಾಳಿ ಬೆಳಕಿಗೆ ಸಿಕ್ಕಿರಲಿಲ್ಲ. ಇವತ್ತು ಸಿಗಬೇಕಾದರೆ ನೀರಲ್ಲಿ ನಿಲ್ಲಬೇಕು. ಇನ್ನು ಅರ್ಧ ಗಂಟೆ.

ನವೆಂಬರಿನ ನೀರು ತಣ್ಣಗೆ ತೊಡೆ ಹತ್ತಿತು. ಸೆಳೆತಕ್ಕೆ ಮುಕ್ಕಾಲಿ ಅಲ್ಲಾಡಿತು. ಅವಳು ಅದನ್ನು ಎರಡೂ ತೋಳಲ್ಲಿ ಅಪ್ಪಿ ಹಿಡಿದಳು. ಬೆನ್ನು ಸಿಡಿಯುತ್ತಿತ್ತು. ಕೆಮ್ಮು ಬಂದಾಗ ಕನ್ನಡಿಯೂ ಜೊತೆಗೆ ಕೆಮ್ಮುತ್ತಿತ್ತು.

"ಒಂಚೂರು ಆಕಡೆ ಸರ್ಕೊಳ್ಳೇ," ಎಂದಳು ಹಲ್ಲೂಮಾ. ಬುಟ್ಟಿಯನ್ನು ತಲೆಗೇರಿಸಿ ನೀರಲ್ಲೇ ಬಂದಿದ್ದಳು. ಮುಕ್ಕಾಲಿಯ ಒಂದು ಕಾಲನ್ನು ತನ್ನ ಪಾದದಿಂದ ಒತ್ತಿ ಹಿಡಿದಳು. ಆಮೇಲೆ ಇನ್ನೊಬ್ಬಳು. ಆಮೇಲೆ ಮತ್ತೊಬ್ಬಳು. ಒಂಬತ್ತು ಹೆಂಗಸರು ಕನ್ನಡಿಯ ಸುತ್ತ ಭುಜಕ್ಕೆ ಭುಜ ಕೊಟ್ಟು ನಿಂತರು. ಬೆಳಕಿನ ದಾರಿಗೆ ಮಾತ್ರ ಯಾರೂ ಅಡ್ಡ ನಿಲ್ಲಲಿಲ್ಲ.

"ಚಿಕ್ಕಮ್ಮಾ, ವಾಪಸ್ ಬನ್ನಿ," ಎಂದು ರಿಹಾಬ್ ಕೂಗಿದಳು. "ನೀರು ಸೊಂಟಕ್ಕೆ ಬಂತು."

"ಮೂವತ್ತು ವರ್ಷದಿಂದ ಬರ್ತಾನೇ ಐತೆ ಮಗಳೇ. ಅದರ ಗುಣ ನಂಗೊತ್ತು. ನೀನು ಗುಂಡಿ ಮ್ಯಾಲೆ ಬೆರಳಿಟ್ಕೊಂಡಿರು. ನಾನು ಹೇಳಿದಾಗ ಒತ್ತು. ನಾನು ಹೇಳಿದಾಗ! ಆ ಕಾಗದ ಹೇಳಿದಾಗ ಅಲ್ಲ."

ಗಾಳಿ ಬಿದ್ದುಹೋಯಿತು. ನೀರಿನ ಮೇಲೆ ಒಂದು ಸುಕ್ಕೂ ಇಲ್ಲ. ಒಂಬತ್ತು ಹೆಂಗಸರು ಉಸಿರು ಬಿಗಿಹಿಡಿದರು. ದಂಡೆಯ ಮೇಲೆ ಕೇರಿಯೆಲ್ಲ ಬಂದು ನಿಂತಿತ್ತು. ತುಹಾಮಿ ಕೆಸರು ಪ್ಯಾಂಟಿನಲ್ಲಿ ಫೋನು ಕಿವಿಗೆ ಒತ್ತಿಕೊಂಡು ಯಾರನ್ನೋ ಕೂಗುತ್ತಿದ್ದ.

ದಹಬಿಯಾಳ ತಲೆವಸ್ತ್ರದ ತುದಿ ಮೆಲ್ಲಗೆ ಎದ್ದಿತು. ಬಿದ್ದಿತು. ಮತ್ತೆ ಎದ್ದು, ಈ ಸಲ ಶಾಲೆಯ ಕಡೆಗೆ ಹಾರಿ, ಅವಳ ಕೆನ್ನೆಗೆ ಫಟ್ಟೆಂದು ಹೊಡೆಯಿತು. ಉಪ್ಪಿನ ವಾಸನೆ. ಗಂಟಲು ಬಿಚ್ಚಿಕೊಂಡಿತು. ಅವಳು ಅವಸರ ಮಾಡಲಿಲ್ಲ. ಗಾಳಿ ಕನ್ನಡಿಯಿಂದ ಶಾಲೆಯವರೆಗೆ ಪೂರಾ ತುಂಬಿಕೊಳ್ಳಲಿ ಎಂದು ಕಾದಳು. ಒಂದು ಸಲ ಎದೆ ತುಂಬ ಉಸಿರೆಳೆದಳು. ಕೆಮ್ಮು ಬರಲಿಲ್ಲ.

"ಈಗ ಒತ್ತೇ!" ಎಂದಳು.

ರಿಹಾಬ್ ಒತ್ತಿದಳು. ಪ್ರೊಫೆಸರ್ ತಡೆಯಲಿಲ್ಲ.

ಕನ್ನಡಿಯನ್ನು ಒಂಬತ್ತು ತಲೆಗಳು ಸರದಿಯಲ್ಲಿ ಹೊತ್ತು ತಂದವು. ಒಂದು ಹನಿ ನೀರು ತಾಗಲಿಲ್ಲ. ದಹಬಿಯಾ ಅದನ್ನು ಶಾಲೆಯ ಜಗುಲಿಯ ಮೇಲಿಟ್ಟು, ಕಾಲು ತೊಳೆಯದೆ ಮೆಟ್ಟಿಲು ಹತ್ತಿದಳು. ಒಂದೊಂದು ಮೆಟ್ಟಿಲ ಮೇಲೂ ಒಂದೊಂದು ಕೆಸರಿನ ಪಾದ ಮೂಡಿತು. ಹಿಂದಿನಿಂದ ಹಲ್ಲೂಮಾಳದ್ದು, ಮಿಕ್ಕವರದ್ದು. ಯಾರೂ ಅಡ್ಡ ಕೈ ಹಿಡಿಯಲಿಲ್ಲ.

"ಮೂರು ದಿನದ ಕಚ್ಚಾ ಗೆರೆಗಳೆಲ್ಲ, ಸೊನ್ನೆ ಕಳೆಯೋಕೆ ಮುಂಚಿನವು, ಪೆಟ್ಟಿಗೆಯಲ್ಲೇ ಇವೆ ಚಿಕ್ಕಮ್ಮಾ," ಎಂದಳು ರಿಹಾಬ್. "ಅಳೆದದ್ದು ಸುಳ್ಳಲ್ಲ. ಸೊನ್ನೆ ಸುಳ್ಳಾಗಿತ್ತು. ಈಗ ಹೊಸ ಸೊನ್ನೆ ಹಾಕ್ತೀನಿ, ನೋಡಿ."

ಪರದೆಯ ಮೇಲೆ ತಲೆಕೆಳಗಾಗಿ ಮಲಗಿದ್ದ ಹಲ್ಲುಗಳು ಒಂದೊಂದಾಗಿ ಎದ್ದು ಕೂತವು. ಬುಧವಾರದ್ದು. ಗುರುವಾರದ್ದು. ಮಿತಿಯ ಗೆರೆ ದಾಟಿ ಮೇಲೆ. ಎಲ್ಲಕ್ಕಿಂತ ಕೊನೆಗೆ ರಿಹಾಬ್ ಮಂಗಳವಾರ ಏಳು ಗಂಟೆಯ ಗೆರೆ ತೆಗೆದಳು. ಶುದ್ಧ ಗಾಳಿ ಎಂದು ಹೆಸರು ಬರೆದಿಟ್ಟದ್ದು. ಅದರ ಹಲ್ಲು ಎಲ್ಲಕ್ಕಿಂತ ಎತ್ತರ. ಮಿತಿಯ ನಾಲ್ಕು ಪಟ್ಟು.

ಲಸ್ಸಾದ್ ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡು ನೋಡಿದ. ಒರೆಸಿದರೆ ಹೋಗುವಂಥದ್ದಲ್ಲ ಅದು.

"ಇದು ಗಂಭೀರ ಲೋಪ," ಎಂದ. ಯಾರದ್ದು ಎಂದು ಹೇಳಲಿಲ್ಲ. ಆಮೇಲೆ ದಹಬಿಯಾಳ ಕಡೆ ತಿರುಗಿದ. "ನನ್ನದು," ಎಂದ.

"ಕೋರ್ಟು ಹತ್ತರವರೆಗೆ ಅಂದಿತ್ತು," ಎಂದು ತುಹಾಮಿ ಬಾಗಿಲಿಂದ ಮತ್ತೆ ಶುರುಮಾಡಿದ.

"ಅನಿಲ ಅಳೆಯೋದು ಹತ್ತರವರೆಗೆ," ಎಂದ ಪ್ರೊಫೆಸರ್. "ಸೊನ್ನೆ ಯಾವಾಗ ತಗೋಬೇಕು ಅಂತ ಕೋರ್ಟು ಹೇಳಿಲ್ಲ. ಅದು ನನಗೆ ಗೊತ್ತಿರಬೇಕಿತ್ತು." ತಯಾರಾಗಿದ್ದ ಕಾಗದವನ್ನು ಎರಡು ತುಂಡು ಮಾಡಿ, ಹೊಸದರಲ್ಲಿ ಬರೆಯಲು ಕೂತ.

ಬರೆದು ಮುಗಿಸಿ ಕಾಗದ ಮುಂದೆ ಚಾಚಿದ. ದಹಬಿಯಾ ಬೆರಳು ಕೊಡಲಿಲ್ಲ. ಎದೆಯ ಬಟ್ಟೆಯೊಳಗೆ ಕೈಹಾಕಿ ಪ್ಲಾಸ್ಟಿಕ್ ಬಿಚ್ಚಿ, ಡಾಕ್ಟರ ಚೀಟಿಯನ್ನು ಮೇಜಿನ ಮೇಲೆ ಹರಡಿದಳು.

"ಇದನ್ನ ಓದು ಮಗಳೇ."

ರಿಹಾಬ್ ಓದಿದಳು. ತಣ್ಣನೆಯ ಸಮುದ್ರದ ನೀರು ಮತ್ತು ಸಮುದ್ರದ ಗಾಳಿಯಿಂದ ಬಂದ ಎದೆಯ ಕಾಯಿಲೆ.

"ಸಮುದ್ರದ್ದು ತಪ್ಪಿಲ್ಲ ಅಂತ ಬರೀರಿ," ಎಂದಳು ದಹಬಿಯಾ.

"ಇದು ಅನಿಲದ ವರದಿ ಅಮ್ಮಾ," ಎಂದ ಪ್ರೊಫೆಸರ್. "ಇದರಲ್ಲಿ ಸಮುದ್ರ ಎಲ್ಲಿಂದ ಬರುತ್ತೆ?"

"ನಿಮ್ಮ ಸೊನ್ನೆ ಎಲ್ಲಿಂದ ಬಂತು?"

ಲಸ್ಸಾದ್ ಕಾಗದವನ್ನು ಮತ್ತೆ ತನ್ನ ಕಡೆಗೆ ಎಳೆದುಕೊಂಡ. ಕೆಳಗೆ ಒಂದು ಸಾಲು ಸೇರಿಸಿ, ತಾನೇ ಗಟ್ಟಿಯಾಗಿ ಓದಿದ. "ಗುರುವಾರ, ಹನ್ನೊಂದು ಗಂಟೆ ಐದು ನಿಮಿಷ. ಸಮುದ್ರದಿಂದ ಬೀಸಿದ ಗಾಳಿ. ಯಾವ ವಿಷಾನಿಲವೂ ಇಲ್ಲ."

"ಇನ್ನೊಂದ್ಸಲ ಓದ್ರಿ."

ಅವನು ಇನ್ನೊಂದು ಸಲ ಓದಿದ. ಹಲ್ಲೂಮಾ ಮೂಗು ಒರೆಸಿಕೊಂಡು, ಬಿಸಿಲು ಜಾಸ್ತಿಯಾಯಿತು ಎಂದು ಯಾರಿಗೋ ಹೇಳಿದಳು.

ತುಹಾಮಿ ಅಭ್ಯಾಸ ಬಲದಿಂದ ಶಾಯಿಯ ಡಬ್ಬಿಯನ್ನು ಮುಂದೆ ಸರಿಸಿದ. ದಹಬಿಯಾ ಅದನ್ನು ಮುಟ್ಟಲಿಲ್ಲ. ಕೆಸರು ಹತ್ತಿದ ಹೆಬ್ಬೆರಳನ್ನು ಆ ಸಾಲಿನ ಕೆಳಗೆ, ಪೂರಾ ಭಾರ ಬಿಟ್ಟು ಒತ್ತಿದಳು. ಆಮೇಲೆ ಬೆರಳೆತ್ತಿ ಅವನಿಗೆ ತೋರಿಸಿದಳು.

"ಬೆರಳು ಇಡೋ ಜಾಗ ಇದು, ಸಿ ತುಹಾಮಿ. ತಟ್ಟೆ ಮ್ಯಾಲಲ್ಲ."